ಐವತ್ತು ಪೈಸೆಯ ಕಾರ್ಡಿನ ಮೇಲೆ ಅಪವಾದ

ಅಂಚೆ ಇಲಾಖೆಗೆ ನಷ್ಟವೆಂಬ ಗುಲ್ಲು ನಮ್ಮಲ್ಲಿ ಆಗಾಗ ಏಳುತ್ತದೆ. 2019ರಲ್ಲಿ ಎದ್ದದ್ದು ಸ್ವಲ್ಪ ಜೋರಾಗಿಯೇ ಇತ್ತು. 2018-19ರ ಕೊರತೆ 15,000 ಕೋಟಿ ರೂಪಾಯಿ, ಏರ್ ಇಂಡಿಯಾ, ಬಿಎಸ್‌ಎನ್‌ಎಲ್‌ಗಳ ನಷ್ಟವನ್ನೂ ಇದು ಮೀರಿಸಿತು ಎಂದು ಪತ್ರಿಕೆಗಳು ಬರೆದವು. ಜೊತೆಗೇ ಇನ್ನೊಂದು ಅಂಕಿ ಬಂತು: 50 ಪೈಸೆಗೆ ಮಾರುವ ಕಾರ್ಡಿಗೆ ಇಲಾಖೆ ಮಾಡುವ ಖರ್ಚು 12 ರೂಪಾಯಿಗೂ ಮೇಲೆ. ಕಾಫಿ ಹೀರುತ್ತ ಇದನ್ನೋದಿದ ಮಹನೀಯರು ‘ಹೀಗಾದರೆ ಉಳಿಗಾಲವುಂಟೆ?’ ಎಂದು ಮರುಗಿದರು. ತಾವು ಕಾರ್ಡು ಕೊಂಡು ಎಷ್ಟು ವರ್ಷವಾಯಿತೆಂದು ಯೋಚಿಸಿದಂತೆ ಕಾಣಲಿಲ್ಲ.

ಈ 12 ರೂಪಾಯಿ ಹುಟ್ಟುವ ಬಗೆಯನ್ನು ನೋಡಿ. ಅಂಚೆಯವನು ಬೀದಿಗೆ ಬರುತ್ತಾನೆ. ಚೀಲದಲ್ಲಿ ನೂರು ಕಾಗದವಿದ್ದರೂ ಹತ್ತಿದ್ದರೂ ಅವನ ಸಂಬಳ ಒಂದೇ, ಸವೆಯುವ ಚಪ್ಪಲಿ ಒಂದೇ. ಸಂಬಳವನ್ನು ನೂರಕ್ಕೆ ಹಂಚಿದರೆ ಕಾಗದ ಅಗ್ಗ, ಹತ್ತಕ್ಕೆ ಹಂಚಿದರೆ ದುಬಾರಿ. ನಾವು ಬರೆಯುವುದನ್ನು ಬಿಟ್ಟೆವು, ಕಾರ್ಡು ದುಬಾರಿಯಾಯಿತು. ನಾಳೆ ಕಾರ್ಡನ್ನೇ ನಿಲ್ಲಿಸಿದರೆ ಆ 12 ರೂಪಾಯಿ ಬೊಕ್ಕಸಕ್ಕೆ ಉಳಿಯುತ್ತದೆಯೆ? ಬಹುಪಾಲು ಪಕ್ಕದ ಲಕೋಟೆಯ ಹೆಗಲೇರುತ್ತದೆ, ಅಷ್ಟೆ.

ಇಂದಿನ ಅಂಚೆಯ ಹುಟ್ಟೇ ಒಂದು ಲೆಕ್ಕ ತನಿಖೆಯಿಂದಾದದ್ದು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದವನ್ನು ಸಾಗಿಸುವ ಖರ್ಚು ಪೆನ್ನಿಯ 36ನೆಯ ಒಂದು ಪಾಲು ಮಾತ್ರ ಎಂದು 1837ರಲ್ಲಿ ರೋಲಂಡ್ ಹಿಲ್ ತೋರಿಸಿದ. ವಸೂಲಾಗುತ್ತಿದ್ದುದು ಒಂದು ಶಿಲಿಂಗಿಗೂ ಹೆಚ್ಚು! 1840ರಲ್ಲಿ ಅಲ್ಲಿ ಒಂದು ಪೆನ್ನಿಯ ಏಕದರ ಬಂತು. 1854ರಲ್ಲಿ ನಮ್ಮಲ್ಲಿ ಅರ್ಧ ಆಣೆಯದು. ಹಣ ಯಾವ ಕೆಲಸದಲ್ಲಿ ಹೋಗುತ್ತಿದೆಯೆಂಬುದು ಅವನು ಹಿಡಿದ ಪ್ರಶ್ನೆ.

ನಮ್ಮಲ್ಲಿ ಎಲ್ಲವೂ ಒಂದೇ ಮೂಟೆ. 2018-19ರಲ್ಲಿ ವರಮಾನ ಸುಮಾರು 18,000 ಕೋಟಿ. ಸಂಬಳ ಸಾರಿಗೆ 16,620 ಕೋಟಿ, ಪಿಂಚಣಿ 9,782 ಕೋಟಿ. ಎಂದೋ ನಿವೃತ್ತರಾದವರ ಪಿಂಚಣಿಯನ್ನು ಈ ವರ್ಷದ ಕಾರ್ಡಿನ ಮೇಲೆ ಹೊರಿಸುವುದು ಎಂಥ ನ್ಯಾಯ? ಇನ್ನು 1,60,000ಕ್ಕೂ ಮೀರಿದ ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. ಅವನ್ನು ಲಾಭಕ್ಕೆಂದು ಯಾರೂ ತೆರೆದದ್ದಲ್ಲ. ಅಲ್ಲಿನ ಗ್ರಾಮೀಣ ಡಾಕ್ ಸೇವಕನಿಗೆ ನಾಲ್ಕು ಗಂಟೆಯ ದುಡಿಮೆಗೆ 2018ರ ಪರಿಷ್ಕರಣೆ ಗೊತ್ತುಮಾಡಿದ ಆರಂಭದ ಭತ್ಯೆ ತಿಂಗಳಿಗೆ 10,000 ರೂಪಾಯಿ, ಶಾಖೆಯ ಪೋಸ್ಟ್ ಮಾಸ್ತರನಿಗೆ 12,000. ಇದನ್ನು ದುಂದು ಎನ್ನುವ ಧೈರ್ಯ ನನಗಿಲ್ಲ.

ಹಾಗೆಂದು ಇಲಾಖೆಯಲ್ಲಿ ಮೈಗಳ್ಳತನವಿಲ್ಲವೆ? ಇದೆ, ಧಾರಾಳವಾಗಿದೆ. ಇದೇ ಊರಿನ ಇನ್ನೊಂದು ಬಡಾವಣೆಯಿಂದ ಹೊರಟ ಲಗ್ನಪತ್ರಿಕೆ ನನ್ನ ಕೈಸೇರಿದ್ದು ಬೀಗರ ಔತಣವೂ ಮುಗಿದ ನಾಲ್ಕನೆಯ ದಿನ. ಆ ಮೈಗಳ್ಳತನ ಪಿಂಚಣಿಯ ಮರೆಯಲ್ಲಿ, ಹಳ್ಳಿಯ ಮರೆಯಲ್ಲಿ ಸುಖವಾಗಿ ಕುಳಿತಿದೆ. ಕೊಡಲಿ ಬೀಳುವುದು ಬೇರೆ ಕಡೆ. 2024ರ ಡಿಸೆಂಬರಿನಲ್ಲಿ ಬುಕ್ ಪೋಸ್ಟ್ ನಿಂತಿತು. ‘ಜ್ಞಾನ ಪೋಸ್ಟ್’ ಬಂದದ್ದು 2025ರ ಮೇ ತಿಂಗಳಲ್ಲಿ. 300 ಗ್ರಾಮಿಗೆ 20 ರೂಪಾಯಿ, ತೆರಿಗೆ ಬೇರೆ. ನಡುವಿನ ನಾಲ್ಕು ತಿಂಗಳು, ಗ್ರಾಮು ಗ್ರಾಮಿಗೂ ಲೆಕ್ಕವಿಡುವ ಸಣ್ಣ ಪ್ರಕಾಶಕರು ಏನು ಮಾಡಬೇಕಿತ್ತು? ಅದೇ ವರ್ಷ ರಿಜಿಸ್ಟರ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಇವುಗಳಿಂದ ಉಳಿದದ್ದೆಷ್ಟು, ಜನ ಹೆಚ್ಚಾಗಿ ತೆತ್ತದ್ದೆಷ್ಟು?

ಮಹಾಲೆಕ್ಕ ಪರಿಶೋಧಕರು ಪಿಂಚಣಿಯನ್ನು ಒಂದು ಕಡೆ, ಹಳ್ಳಿಯ ಸೇವೆಯನ್ನು ಒಂದು ಕಡೆ ಬೇರ್ಪಡಿಸಿ, ಉಳಿದದ್ದನ್ನು ರೂಪಾಯಿಯಿಂದಲ್ಲದೆ ದಿನಗಳಿಂದಲೂ ಅಳೆಯಲಿ. ಸ್ಪೀಡ್ ಪೋಸ್ಟಿನ ಜಾಡು ಗಣಕದಲ್ಲಿ ಸಿಗುತ್ತದೆ. ಸಾದಾ ಕಾಗದಕ್ಕೆ ಅದೂ ಇಲ್ಲ. ಹಿಂದೆ ಕಾರ್ಡಿನ ಮೇಲೆ ಎರಡು ಮುದ್ರೆಗಳಿರುತ್ತಿದ್ದವು, ಹೊರಟ ಊರಿನದೊಂದು, ತಲಪಿದ ಊರಿನದೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ಸಾಕು, ಯಾವ ಗೃಹಿಣಿಯೂ ಇಲಾಖೆಯ ಲೆಕ್ಕ ತನಿಖೆ ಮಾಡಬಹುದಿತ್ತು. ನನ್ನ ಲಗ್ನಪತ್ರಿಕೆಯ ಮೇಲಿದ್ದದ್ದು ಒಂದೇ ಮುದ್ರೆ. ಭೂತಕನ್ನಡಿ ಹಿಡಿದರೂ ಅದರ ತಾರೀಖು ಓದಲಾಗಲಿಲ್ಲ.