ಘಾಟಿ ಕೊಟ್ಟ ವ್ಯಾಪಾರ, ಮಳೆಗಾಲದಲ್ಲಿ ಘಾಟಿಗೇ ವಾಪಸ್: ಶಿರಾಡಿ ಬಂದ್ ಆದರೆ ಪೆಟ್ಟು ಯಾರಿಗೆ?

ಸಕಲೇಶಪುರ: ಜೂನ್ ಕಾಲಿಟ್ಟರೆ ಸಾಕು, ಹಾಸನದಿಂದ ಗುಂಡ್ಯದವರೆಗೆ ಎಲ್ಲ ಅಂಗಡಿಗಳಲ್ಲೂ ಒಂದೇ ಪ್ರಶ್ನೆ: 'ಘಾಟಿ ಓಪನ್ ಇದೆಯಾ?' ಇದು ಬರೀ ಪ್ರಯಾಣಿಕರ ಪ್ರಶ್ನೆ ಅಲ್ಲ. ಹೋಟೆಲ್, ಪಂಕ್ಚರ್ ಅಂಗಡಿ, ಗ್ಯಾರೇಜ್, ತರಕಾರಿ ಮಂಡಿ, ಮೀನಿನ ಅಂಗಡಿ, ಎಲ್ಲರ ದಿನದ ಗಲ್ಲಾಪೆಟ್ಟಿಗೆ ಈ ಉತ್ತರದ ಮೇಲೆ ನಿಂತಿದೆ.

ನೆಲದ ಲೆಕ್ಕ

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿಂದ ಪೂರ್ವಕ್ಕೆ 220 ಕಿ.ಮೀ. ದೂರದ ಬೆಂಗಳೂರಿಗೆ ಹೋದರೂ ಎತ್ತರ ಹೆಚ್ಚುಕಡಿಮೆ ಅಷ್ಟೇ. ಆದರೆ ಪಶ್ಚಿಮಕ್ಕೆ ಹೊರಟರೆ ಮಾರನಹಳ್ಳಿ ದಾಟಿ ಗುಂಡ್ಯ ಮುಟ್ಟುವಷ್ಟರಲ್ಲೇ ಬಹುಪಾಲು ಎತ್ತರ ಇಳಿದು ಮುಗಿದಿರುತ್ತದೆ. ಪಶ್ಚಿಮ ಘಟ್ಟದ ಗುಣವೇ ಇದು. ಪೂರ್ವಕ್ಕೆ ಇಳಿಜಾರು ನಿಧಾನ, ಪಶ್ಚಿಮಕ್ಕೆ ಕಡಿದು.

ನೀರೂ ಇಲ್ಲೇ ಎರಡು ದಾರಿ ಹಿಡಿಯುತ್ತದೆ. ಪೇಟೆ ಪಕ್ಕದ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ. ಸ್ವಲ್ಪ ಪಶ್ಚಿಮದ ಕೆಂಪುಹೊಳೆ ಘಾಟಿ ಇಳಿದು ಕುಮಾರಧಾರಾ, ನೇತ್ರಾವತಿ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ.

ಮಳೆಯದ್ದೂ ಹಾಗೇ. ಸಮುದ್ರದ ಕಡೆಯಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಇಲ್ಲೇ ಸುರಿಯುತ್ತದೆ. ಸಕಲೇಶಪುರಕ್ಕೆ ವರ್ಷಕ್ಕೆ 2,000 ಮಿ.ಮೀ. ಆಸುಪಾಸು ಮಳೆ. ಇದೇ ಜಿಲ್ಲೆಯ ಅರಸೀಕೆರೆಗೆ ಅದರ ಮೂರನೇ ಒಂದು ಭಾಗದಷ್ಟು. ಅದಕ್ಕೇ ಇಲ್ಲಿ ಕಾಫಿ, ಮೆಣಸು, ಏಲಕ್ಕಿ. ಅಲ್ಲಿ ರಾಗಿ, ತೆಂಗು, ಕೊಬ್ಬರಿ.

ಬಂದ್ ಹೊಸದಲ್ಲ

2018ರ ಆಗಸ್ಟ್ ಮಳೆಗೆ ಶಿರಾಡಿ, ಸಂಪಾಜೆ ಎರಡೂ ಘಾಟಿ ಒಟ್ಟಿಗೆ ಕೈಕೊಟ್ಟವು. ಶಿರಾಡಿಯಲ್ಲಿ ಭಾರಿ ವಾಹನಗಳಿಗೆ ರಸ್ತೆ ಸಿಕ್ಕಿದ್ದು ತಿಂಗಳುಗಳ ನಂತರ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಮತ್ತೆ ಮತ್ತೆ ಕುಸಿಯಿತು. ಅದೇ ತಿಂಗಳ ಕೊನೆಗೆ ಯಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಹಳಿಯಲ್ಲಿ 57 ಸುರಂಗಗಳಿವೆ. ರಸ್ತೆಯಷ್ಟೇ ಸೂಕ್ಷ್ಮ ಈ ಹಳಿ.

ಬದಲಿ ದಾರಿ ಅಂತ ಹೇಳುವುದು ಸುಲಭ. ಚಾರ್ಮಾಡಿಯ ತಿರುವುಗಳಲ್ಲಿ ದೊಡ್ಡ ಲಾರಿ ಹೋಗುವಂತಿಲ್ಲ. ಬಿಸಿಲೆ ಕಿರಿದು. ಉಳಿದದ್ದು ಮಡಿಕೇರಿ–ಸಂಪಾಜೆ ಸುತ್ತು. ಅಲ್ಲೂ ಮಳೆ ಇದೇ ಮಳೆ, ಮಣ್ಣು ಇದೇ ಮಣ್ಣು. ಸುತ್ತಿ ಬಂದ ಡೀಸೆಲ್ ಖರ್ಚು ಕೊನೆಗೆ ಗ್ರಾಹಕರ ಬಿಲ್ಲಿಗೇ ಸೇರುತ್ತದೆ.

ಪೆಟ್ಟು ಎಲ್ಲರಿಗೂ ಒಂದೇ ಅಲ್ಲ

ಪೆಟ್ರೋಲ್, ಡೀಸೆಲ್ ಮಂಗಳೂರಿನಿಂದ ಹಾಸನ ದಾರಿಯಾಗಿ ಬೆಂಗಳೂರಿಗೆ ಪೈಪ್‌ಲೈನ್‌ನಲ್ಲೇ ಬರುತ್ತವೆ. ಘಾಟಿ ಮುಚ್ಚಿದ ಮಾತ್ರಕ್ಕೆ ಬಂಕ್ ಖಾಲಿಯಾಗುವುದಿಲ್ಲ. ಕಾಫಿ ಕೊಯ್ಲು ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೂಟೆಗಳು ಮಂಗಳೂರು ಬಂದರಿಗೆ ಇಳಿಯುವ ಕಾಲಕ್ಕೆ ರಸ್ತೆ ಒಣಗಿರುತ್ತದೆ.

ಸಿಕ್ಕಿಬೀಳುವುದು ದಿನದ ವ್ಯಾಪಾರ. ಕರಾವಳಿಗೆ ಇಳಿಯುವ ತರಕಾರಿ ಲಾರಿಯಲ್ಲೇ ಕೊಳೆಯುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಎರಡು ತಿಂಗಳು ಕಾದು ಆಗಸ್ಟ್‌ನಲ್ಲಿ ಮೀನು ಬರಬೇಕು ಅನ್ನುವಾಗಲೇ ಘಾಟಿ ಮುಚ್ಚಿದರೆ ಮೀನಿನ ಅಂಗಡಿಯವರಿಗೆ ಮೂರನೇ ತಿಂಗಳೂ ಹೋಯಿತು. ಹೆದ್ದಾರಿ ಬದಿಯ ಟೀ ಅಂಗಡಿಯವರಿಗಂತೂ ಲಾರಿ ನಿಂತ ದಿನವೇ ಸಂಪಾದನೆ ನಿಂತಂತೆ. ಬೈಪಾಸ್ ಆದ ಮೇಲೆ ಊರೊಳಗಿನ ಬಿ.ಎಂ. ರಸ್ತೆಯ ವ್ಯಾಪಾರ ಮೊದಲೇ ಸೊರಗಿದೆ.

ದೊಡ್ಡ ಮಾಲು ಪೈಪು, ಒಣ ಹಂಗಾಮು ನೋಡಿಕೊಂಡು ಘಾಟಿಯಿಂದ ಬಚಾವಾಗಿದೆ. ಅಪಾಯವೆಲ್ಲ ಉಳಿದಿರುವುದು ಸಣ್ಣವರ ತಲೆ ಮೇಲೆ.

ಏನು ಆಗಬೇಕು?

ಇಲ್ಲಿನ ಮಣ್ಣು ಆಳವಾಗಿ ಕಳಿತದ್ದು. ನೀರು ಕುಡಿದರೆ ಭಾರವಾಗಿ ಜಾರುತ್ತದೆ. ಅದರ ಬುಡವನ್ನೇ ನೆಟ್ಟಗೆ ಕತ್ತರಿಸಿದರೆ ಕೇಳುವುದೇ ಬೇಡ. ಅಗಲೀಕರಣಕ್ಕೆ ಗುಡ್ಡವನ್ನು ನೇರವಾಗಿ ಕಡಿದದ್ದು ತಪ್ಪು ಅಂತ 2024ರಲ್ಲಿ ಸ್ಥಳಕ್ಕೆ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಹೇಳಿದ್ದರು. ಸುರಂಗ ರಸ್ತೆಯ ಮಾತು ವರ್ಷಗಳಿಂದ ಇದೆ. ಅದು ಬರುವ ತನಕ ಇಳಿಜಾರಿಗೆ ಮೆಟ್ಟಿಲು, ತಡೆಗೋಡೆ, ನೀರು ಹರಿಯಲು ಚರಂಡಿ, ಇವಿಷ್ಟು ಮೇ ಒಳಗೆ ಮುಗಿಯಲೇಬೇಕು. ಜುಲೈನಲ್ಲಿ ಜೆಸಿಬಿ ತಂದು ಮಣ್ಣು ಎತ್ತುವುದು ದುರಸ್ತಿ ಅಲ್ಲ.

ಇನ್ನೊಂದು ಕೆಲಸಕ್ಕೆ ಹೆಚ್ಚು ಖರ್ಚೂ ಇಲ್ಲ. ಯಾವ ವಾಹನಕ್ಕೆ ಬಂದ್, ಎಷ್ಟು ಗಂಟೆಯಿಂದ, ಯಾವ ದಾರಿ ಅನ್ನುವುದನ್ನು ಹಾಸನ ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲಾಡಳಿತಗಳು ಒಟ್ಟಿಗೆ, ಮುಂಚೆಯೇ ಹೇಳಬೇಕು. ಲಾರಿ ಲೋಡ್ ಆಗುವ ಮೊದಲು ಆದೇಶ ಗೊತ್ತಾದರೆ ಮಾಲು ಉಳಿಯುತ್ತದೆ. ಮಾರನಹಳ್ಳಿಯಲ್ಲಿ ಬ್ಯಾರಿಕೇಡ್ ಕಂಡ ಮೇಲೆ ಗೊತ್ತಾದರೆ ಬರೀ ನಷ್ಟ.

ಘಟ್ಟ ಬದಲಾಗುವುದಿಲ್ಲ, ಮಳೆಯೂ ನಿಲ್ಲುವುದಿಲ್ಲ. ಯುಗಾದಿ, ದೀಪಾವಳಿ ಹಾಗೆ ಇದೂ ವರ್ಷದ ಲೆಕ್ಕದಲ್ಲಿ ಬರುವ ವಿಷಯ. ಹಬ್ಬಕ್ಕೆ ತಿಂಗಳ ಮೊದಲೇ ಸ್ಟಾಕ್ ಹಾಕುವ ಅಂಗಡಿಯವರು ಇದಕ್ಕೂ ತಯಾರಾಗಬಲ್ಲರು. ಇಲಾಖೆಗಳು ಅಷ್ಟರಮಟ್ಟಿಗೆ ತಯಾರಾಗಬೇಕು, ಅಷ್ಟೇ.