ನರ ಹೊಲಿದ ಮಾತ್ರಕ್ಕೆ ಕೈ ಬಂದಂತಲ್ಲ

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕತ್ತಿ ಜಾರಿ ಮಣಿಕಟ್ಟಿಗೆ ಬಿದ್ದರೆ ಚರ್ಮದ ಜೊತೆಗೆ ನರವೂ ತುಂಡಾಗಬಹುದು. ಘಟ್ಟ ಇಳಿದು ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ನರ ಜೋಡಿಸಿಕೊಂಡು ಬಂದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಗಾಯ ಮಾಯುವಾಗ ಒಳಗೆ ಕಟ್ಟುವ ನಾರು ನರವನ್ನು ಸುತ್ತಿ ಹಿಸುಕಬಹುದು. ಇದನ್ನು ತಡೆಯಬೇಕು ಎಂದಾಗಲೆಲ್ಲ ಕೇಳಿಬರುವ ಐದು ವಾದಗಳಿಗೆ ಇಲ್ಲಿ ಉತ್ತರಿಸುತ್ತೇನೆ.

1. "ಒಳಗಿನ ನಾರು ಯಾರ ಕೈಯಲ್ಲೂ ಇಲ್ಲ."

ನಾರು ಕಟ್ಟುವುದು ಸಹಜ. ಎಷ್ಟು ಕಟ್ಟುತ್ತದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ನರದ ತುದಿಗಳನ್ನು ಎಳೆದು ಬಿಗಿಯಾಗಿ ಹೊಲಿದರೆ ನಾರು ಹೆಚ್ಚುತ್ತದೆ ಎಂದು ವಿಯೆನ್ನಾದ ಶಸ್ತ್ರವೈದ್ಯ ಹಾನ್ನೊ ಮಿಲ್ಲೆಸಿ 1970ರ ದಶಕದಲ್ಲೇ ಒತ್ತಿ ಹೇಳಿದರು. ಎಳೆಯುವ ಬದಲು ಕಾಲಿನಿಂದ ತೆಗೆದ ನರದ ತುಂಡನ್ನು ನಡುವೆ ಇಟ್ಟು ಜೋಡಿಸುವ ವಿಧಾನವನ್ನು ಬೆಳೆಸಿದರು. ಕತ್ತಿಯ ನೇರ ಗಾಯವನ್ನು ಕೆಲವೇ ದಿನಗಳಲ್ಲಿ ಸರಿಪಡಿಸಿದರೆ ತುದಿಗಳು ದೂರ ಸರಿದಿರುವುದಿಲ್ಲ, ಎಳೆಯುವ ಪ್ರಮೇಯವೂ ಕಡಿಮೆ. ಆದ್ದರಿಂದ ಚರ್ಮಕ್ಕೆ ಹೊಲಿಗೆ ಬಿದ್ದ ಮೇಲೂ ಬೆರಳು ಮರಗಟ್ಟಿದ್ದರೆ, ಮಳೆ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ಕಾಯಕೂಡದು.

2. "ಅಲ್ಲಾಡಿಸಿದರೆ ಹೊಲಿಗೆ ಕಿತ್ತುಬರುತ್ತದೆ, ಆರು ತಿಂಗಳು ಕೈ ಕಟ್ಟಿಕೊಂಡಿರಲಿ."

ಇದರಲ್ಲಿ ಅರ್ಧ ನಿಜವಿದೆ. ಹೊಲಿದ ನರಕ್ಕೆ ಸಾಮಾನ್ಯವಾಗಿ ಸುಮಾರು ಮೂರು ವಾರ ಸ್ಪ್ಲಿಂಟಿನ ಆಸರೆ ಬೇಕು. ಆಮೇಲೂ ಕದಲಿಸದೆ ಬಿಡುವುದೇ ತಪ್ಪು. ಮಣಿಕಟ್ಟು, ಬೆರಳು ಆಡಿದಾಗ ಅಂಗೈಗೆ ಹೋಗುವ ಮುಖ್ಯ ನರ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಮುಂದೆ ಜಾರಬೇಕು. ಜಾರದೆ ಕೂತ ನರ ಸುತ್ತಲಿನದಕ್ಕೆ ಅಂಟಿಕೊಳ್ಳುತ್ತದೆ. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಕಟ್ಟಿದ ದಾರವನ್ನು ಸಡಿಲಿಸದಿದ್ದರೆ ಬಲಿತ ಬಳ್ಳಿಗೆ ಅದೇ ಉರುಳಾಗುತ್ತದಲ್ಲ, ಹಾಗೆ. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಮಾಡುವ ವ್ಯಾಯಾಮ ಸರಳ: ಮುಷ್ಟಿ ಕಟ್ಟಿ, ಬೆರಳು ಬಿಡಿಸಿ, ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಹೆಬ್ಬೆರಳನ್ನು ಅಗಲಿಸುವುದು. ಝುಂ ಎಂದು ಎಳೆದರೆ ಅಲ್ಲಿಗೇ ನಿಲ್ಲಿಸಿ ಸಡಿಲ ಬಿಡಬೇಕು.

3. "ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿದರೆ ಗಂಟು ಕರಗುತ್ತದೆ."

ಸ್ಪರ್ಶವಿಲ್ಲದ ಬೆರಳಿಗೆ ಬಿಸಿಯೂ ತಿಳಿಯದು. ಬಿಸಿ ಕಾಫಿಯ ಸ್ಟೀಲ್ ಲೋಟ ಹಿಡಿದೇ ಬೊಬ್ಬೆ ಏಳಬಹುದು, ಎಣ್ಣೆಯ ಮಾತು ಬೇರೆ ಬೇಕೆ? ಚರ್ಮ ಪೂರ್ತಿ ಮಾಯ್ದ ಮೇಲೆ ವೈದ್ಯರು ತೋರಿಸಿದಂತೆ ಹಗುರವಾಗಿ ನೀವಬಹುದು. ಹಸಿ ಗಾಯದ ಮೇಲೆ ಬಲ ಹಾಕಿದರೆ ಕೆಡುಕೇ ಹೆಚ್ಚು.

4. "ದುಬಾರಿ ಪೊರೆ, ಜೆಲ್ ಹಾಕಿಸುವವರಿಗಷ್ಟೇ ಇದೆಲ್ಲ ಸಾಧ್ಯ."

ನರಕ್ಕೆ ಸುತ್ತುವ ಕೊಲಾಜನ್ ಪೊರೆ, ಕಾಲಿನ ರಕ್ತನಾಳದ ಹೊದಿಕೆ, ಕೊಬ್ಬಿನ ಪದರ ಇವೆಲ್ಲ ಇವೆ, ನಿಜ. ನಾರು ಕಟ್ಟಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರಲ್ಲಿ ಇವುಗಳಿಗೆ ಜಾಗವಿದೆ. ಮೊದಲ ಸಲವೇ ಎಲ್ಲರಿಗೂ ಬೇಕು ಎನ್ನಲು ಗಟ್ಟಿ ಪುರಾವೆ ಇಲ್ಲ. ಬೇಗ ತಲುಪುವುದು, ಎಳೆಯದೆ ಹೊಲಿಯುವುದು, ಗಾಯದಲ್ಲಿ ರಕ್ತ ಕಟ್ಟಿಕೊಳ್ಳದಂತೆ, ನಂಜಾಗದಂತೆ ನೋಡಿಕೊಳ್ಳುವುದು, ಹದವರಿತು ಆಡಿಸುವುದು: ಬಡವರಿಗೂ ಎಟುಕುವ ಈ ನಾಲ್ಕೇ ಅಡಿಪಾಯ.

5. "ಮೂರು ತಿಂಗಳಾದರೂ ಬೆರಳಿಗೆ ಸ್ಪರ್ಶವಿಲ್ಲ; ಇನ್ನು ಆಸ್ಪತ್ರೆಗೆ ಹೋಗಿ ಕೂಲಿ ಕಳೆದುಕೊಳ್ಳುವುದೇಕೆ?"

ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಆರು ತಿಂಗಳಾದರೂ ಹಿಡಿಯುತ್ತದೆ. ನರದ ದಾರಿಯುದ್ದಕ್ಕೂ ಮೆಲ್ಲಗೆ ತಟ್ಟಿದಾಗ ಝುಂ ಎನ್ನುವ ಜಾಗ ತಿಂಗಳಿಂದ ತಿಂಗಳಿಗೆ ಮುಂದೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ ಎಂದರ್ಥ. ಒಂದೇ ಕಡೆ ನಿಂತುಬಿಟ್ಟರೆ ನಾರು ಅಡ್ಡಗಟ್ಟಿರಬಹುದು. ಅದನ್ನು ಕಂಡುಹಿಡಿಯುವುದಕ್ಕೇ ಮರುಭೇಟಿ. ತಡವಾದರೆ ನರ ತಲುಪುವ ಹೊತ್ತಿಗೆ ಸ್ನಾಯುವೇ ಸೊರಗಿರುತ್ತದೆ. ಒಂದು, ಒಂದೂವರೆ ವರ್ಷ ದಾಟಿದರೆ ಸ್ನಾಯುವಿನ ಬಲ ಮರಳುವ ಆಸೆ ಬಹಳ ಕಡಿಮೆ.

ಕೂಲಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತೋಟದ ಮಾಲೀಕರು. ಮರುಭೇಟಿಯ ದಿನಕ್ಕೆ ಸಂಬಳ ಕೊಡಿ, ಬಸ್ ಖರ್ಚು ಕೊಡಿ. ಕತ್ತಿ, ಏಣಿ ಕೊಡದೆ ಕಣ ಕಾಯುವ, ತೂಕ ನೋಡುವ ಕೆಲಸ ಕೊಡಿ. ಗಿಡಕ್ಕೆ ಗೊಬ್ಬರ, ಔಷಧಿಗೆ ಲೆಕ್ಕ ಇಡುವ ತೋಟ, ಗಿಡ ಸಾಕುವ ಕೈಗೂ ಅಷ್ಟು ತೆಗೆದಿಡಲೇಬೇಕು.