ಬಿ.ಸಿ.ರೋಡಿನ ಆಟದ ಬಯಲಿಗೆ ಬೀಗ. ಇನ್ನು ಚೆಂಡೆ ಎಲ್ಲಿ ಬಾರಿಸುವುದು?

ಮಾನ್ಯ ಸಂಪಾದಕರೇ,

ಬಂಟ್ವಾಳದ ಬಿ.ಸಿ.ರೋಡಿನ ಮೈದಾನದಲ್ಲಿ ಪ್ರತಿ ವರ್ಷ ಯಕ್ಷಗಾನದ ಆಟ ನಡೆಯುತ್ತಿತ್ತು. ನಮ್ಮ ಹವ್ಯಾಸಿ ಸಂಘದ ವಾರ್ಷಿಕ ಆಟಕ್ಕೆ ದಿನ ಗೊತ್ತುಮಾಡಲೆಂದು ಕಳೆದ ಶನಿವಾರ ಅಲ್ಲಿಗೆ ಹೋಗಿದ್ದೆ. ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. "ಮಾಸ್ಟ್ರೇ, ಇನ್ನು ಇಲ್ಲಿ ಆಟ-ಗೀಟ ಇಲ್ಲ, ವಾಹನ ನಿಲ್ಲಿಸ್ಲಿಕ್ಕೆ ಮಾತ್ರ" ಎಂದ ಕಾವಲುಗಾರ.

ಆಟ-ಗೀಟ! ಆ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಅವನನ್ನು ದೂರುವುದಿಲ್ಲ, ಮೇಲಿನವರು ಹೇಳಿಕೊಟ್ಟದ್ದನ್ನು ಹೇಳಿದ್ದಾನೆ. ಗೇಟಿನ ಸಂದಿಯಿಂದ ನೋಡಿದೆ. ಪ್ರತಿ ವರ್ಷ ರಂಗಸ್ಥಳದ ಕಂಬ ಊರುತ್ತಿದ್ದ ಗುಂಡಿಗಳ ಮೇಲೆ ಜಲ್ಲಿ ಹಾಸಿದ್ದಾರೆ. ವೇಷ ಕಟ್ಟುವ ಚೌಕಿ ಇರುತ್ತಿದ್ದ ಮೂಲೆಯಲ್ಲಿ ಎರಡು ಟೆಂಪೊ ನಿಂತಿವೆ. ಸಂಜೆ ಆಟ ಸಾರುವ 'ಕೇಳಿ' ಬಡಿಯುವ ಸದ್ದು ಕಿವಿಗೆ ಬಿದ್ದ ಕೂಡಲೇ ಅಪ್ಪ ನನ್ನನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದದ್ದು ಈ ಬಯಲಿಗೆ. ಯಕ್ಷಗಾನದ ಹಾಡುಗಾರ ಬಲಿಪ ನಾರಾಯಣ ಭಾಗವತರ ಏರುಶ್ರುತಿಯನ್ನು ನನ್ನಂಥವರು ಕೇಳಿ ಬೆಳೆದದ್ದು ಇಂಥ ಬಯಲುಗಳಲ್ಲೇ. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಜಿಲ್ಲೆಯೇ ಕಣ್ಣೀರಿಟ್ಟಿತು. ಹಾಡಿದವರನ್ನು ಕೊಂಡಾಡುತ್ತೇವೆ, ಹಾಡಿಗೆ ಬೇಕಾದ ಮಣ್ಣನ್ನು ಮಾತ್ರ ಉಳಿಸಿಕೊಳ್ಳುವುದಿಲ್ಲ.

"ಬೇರೆ ಕಡೆ ಮಾಡಿ" ಎಂಬ ಸಲಹೆ ಬಂದಿದೆ. ಎಲ್ಲಿ ಎಂದು ಹೇಳಲಿ. ಒಂದು ಸಭಾಭವನದಲ್ಲಿ ವಿಚಾರಿಸಿದೆವು. ಮದುವೆ ದಿನದ ಬಾಡಿಗೆಯನ್ನೇ ಕೇಳಿದರು, ಜೊತೆಗೆ ಚೆಂಡೆ ಬಾರಿಸಬಾರದು ಎಂಬ ಷರತ್ತು. ಚೆಂಡೆಯಿಲ್ಲದೆ ಯಕ್ಷಗಾನ ಮಾಡುವುದು ಹೇಗೆ? ಮಂಗಳೂರಿನ ಪುರಭವನಕ್ಕೆ 25 ಕಿ.ಮೀ. ದೂರ. ಮೂಡಬಿದಿರೆಯ ಆಳ್ವಾಸ್ ವಿರಾಸತ್ ಬಗ್ಗೆ ನಮಗೂ ಹೆಮ್ಮೆಯಿದೆ. ಆದರೆ ಅದು ವರ್ಷಕ್ಕೊಮ್ಮೆ ನಾವು ಹೋಗಿ ನೋಡಿ ಬರುವ ಉತ್ಸವ. ನಮ್ಮೂರಿನ ಮಕ್ಕಳು ಗೆಜ್ಜೆ ಕಟ್ಟಿ ಮೊದಲ ಸಲ ಕುಣಿಯುವ ಜಾಗ ಅದಲ್ಲ.

ಶಬ್ದಮಾಲಿನ್ಯದ ಕಾರಣವನ್ನೂ ಮುಂದಿಡುತ್ತಾರೆ. 2000ದ ನಿಯಮಗಳನ್ನು ನಾನೂ ಓದಿದ್ದೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ವಾಸದ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಸರಿ. ಅದೇ ನಿಯಮ ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಕೊಟ್ಟಿದೆಯಲ್ಲ! ಬಯಲನ್ನು ಕಿತ್ತುಕೊಂಡವರಿಗೆ ನಾಲ್ಕು ಗೋಡೆ ಕಟ್ಟಿಸಿಕೊಡುವ ಹೊಣೆ ಇಲ್ಲವೇ?

ಇನ್ನೊಂದು ಮಾತನ್ನೂ ಹೇಳಲೇಬೇಕು. ಹಿಂದೆ ಇಡೀ ರಾತ್ರಿ ಆಟ ನೋಡಿ, ಬೆಳಗ್ಗಿನ ಮೊದಲ ಬಸ್ಸಿಗೆ ಜನ ಮನೆ ಸೇರುತ್ತಿದ್ದರು. ಈಗ ಕಾಲಮಿತಿಯ ಆಟ ನಡುರಾತ್ರಿಗೆ ಮೊದಲೇ ಮುಗಿಯುತ್ತದೆ. ಆ ಹೊತ್ತಿಗೆ ಸಿದ್ಧಕಟ್ಟೆ ಕಡೆಗೆ ಬಸ್ ಇದೆಯೇ? ವಿಟ್ಲದ ಕಡೆಗೆ ಇದೆಯೇ? ಕಳೆದ ವರ್ಷ ನಮ್ಮ ಆಟ ಮುಗಿದಾಗ ಮೂವರು ವೃದ್ಧೆಯರು ಫ್ಲೈಓವರಿನ ಕೆಳಗೆ ಚೀಲ ತಲೆದಿಂಬು ಮಾಡಿ ಬೆಳಗಾಗುವುದನ್ನು ಕಾದರು. ನಾನೇ ಅವರಿಗೆ ಚಹಾ ತಂದುಕೊಟ್ಟೆ. ಆಟದ ಹೊತ್ತು ಕಡಿಮೆ ಮಾಡಿದವರಿಗೆ ಬಸ್ಸಿನ ನೆನಪಾಗಲಿಲ್ಲ.

2022ರಲ್ಲಿ ಕಟೀಲು ಯಕ್ಷಗಾನ ಮೇಳಗಳ ಆಟವನ್ನು ಕಾಲಮಿತಿಗೆ ತಂದಾಗ ಭಕ್ತರು ಅದನ್ನು ವಿರೋಧಿಸಿ ಬಜಪೆಯಿಂದ ಕಟೀಲಿಗೆ ಪಾದಯಾತ್ರೆ ಮಾಡಿದ ಜಿಲ್ಲೆ ಇದು. ಕವಿ ಪಂಜೆ ಮಂಗೇಶರಾಯರು ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಇಂಥ ಊರಿನಲ್ಲಿ ಒಂದು ತಾಳಮದ್ದಳೆ ಕೂಟಕ್ಕೆ ನಾವು ಬಾಗಿಲು ಬಾಗಿಲು ತಟ್ಟಬೇಕಾಗಿದೆ. ಬೆಂಗಳೂರಿನ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಸಂಗೀತದ ತಾಣ 2019ರಲ್ಲಿ ಮುಚ್ಚಿದಾಗ ದೊಡ್ಡ ಪತ್ರಿಕೆಗಳು ಅದನ್ನು ನೆನೆದು ಬರೆದವು. ನಮ್ಮ ಬಯಲಿಗೆ ಬೀಗ ಬಿದ್ದದ್ದು ನಿಮ್ಮ ಪತ್ರಿಕೆಯಲ್ಲೂ ಎರಡು ಸಾಲು ಬರಲಿಲ್ಲ. ಬೇಸರದಿಂದಲೇ ಹೇಳುತ್ತಿದ್ದೇನೆ.

ನಾವು ಕೇಳುವುದು ಹವಾನಿಯಂತ್ರಿತ ಭವನವನ್ನಲ್ಲ. ಮುನ್ನೂರು ಜನ ಕೂರುವ ಒಂದು ಹಾಲ್, ವೇಷ ಕಟ್ಟಲು ಬೆಳಕಿರುವ ಚೌಕಿ, ಬಣ್ಣ ತೊಳೆಯಲು ಒಂದು ನಳ್ಳಿ, ಬಡ ಸಂಘಗಳ ಕೈಗೆಟಕುವ ಬಾಡಿಗೆ. ಅದು ಆಗುವ ತನಕ ವಾರಕ್ಕೊಂದು ಸಂಜೆ, ಹತ್ತು ಗಂಟೆಯೊಳಗೆ ಮುಗಿಸುವ ಕರಾರಿನ ಮೇಲೆ, ಆ ಗೇಟು ತೆರೆಯಲಿ. ಮೇಳಗಳ ತಿರುಗಾಟ ಶುರುವಾಗುವ ಮೊದಲು ಪುರಸಭೆಯವರು ಮತ್ತು ಶಾಸಕರು ಇದಕ್ಕೆ ಉತ್ತರ ಕೊಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಬಿ.ಸಿ.ರೋಡ್